ಲೋಟದಲ್ಲಿದ್ದದ್ದು

ಅಕ್ಕಾ,

ಸೂಜಿ ಚಿಕಿತ್ಸೆಯ ಅಮ್ಮ ಕೊಟ್ಟ ಚೀನೀ ಬೇರಿನ ಕಷಾಯವೆಂದು ನೀನು ಮೂಗು ಮುಚ್ಚಿಕೊಂಡು ಕುಡಿದದ್ದು ಬರೀ ಹಾಗಲಕಾಯಿ ಸಿಪ್ಪೆಯ ನೀರು.

ಮಗುವಾಗಲೆಂದು ನಿನಗೆ ಇಂಜೆಕ್ಷನ್ ಶುರುವಾದ ದಿನ ಆಸ್ಪತ್ರೆಯ ಡಾಕ್ಟರು, "ಬೇರೆ ಔಷಧಿ ಏನಾದ್ರೂ ತಗೋತಿದೀರಾ? ಇದರ ಜೊತೆ ಬೇಡಮ್ಮ" ಎಂದರು. ನೀನು ಇಲ್ಲವೆಂದೆ. ಹೊರಗೆ ಬಂದು ನನ್ನ ತೋಳು ಚಿವುಟಿ, "ಬಾಯಿ ಬಿಟ್ಟೀಯ ಜೋಕೆ, ಬುಗುರಿ. ಸ್ಕೂಲಂತೂ ಬಿಟ್ಟೆ, ಕಷಾಯಾನಾದ್ರೂ ನೆಟ್ಟಗೆ ಕುದಿಸು" ಎಂದೆ. ನಾನು ಬಾಯಿ ಬಿಡಲಿಲ್ಲ. ಬೇರು ಕುದಿಸಿ, ಮನೆಯೆಲ್ಲ ವಾಸನೆ ತುಂಬಿದ ಮೇಲೆ ಅದನ್ನು ಬಚ್ಚಲಿಗೆ ಚೆಲ್ಲಿ, ನಿನ್ನ ಲೋಟಕ್ಕೆ ಸಿಪ್ಪೆಯ ನೀರು ಬಗ್ಗಿಸುತ್ತಿದ್ದೆ.

ಹೊಟ್ಟೆಯಲ್ಲಿ ನಿಂತದ್ದು ಜಾರಿಹೋದಾಗಿನಿಂದ, "ಕಷಾಯ ಕುಡಿದು ನಾನೇ ಕೊಂದೆ" ಎಂದು ಗೋಡೆಗೆ ಹೇಳಿಕೊಳ್ಳುತ್ತಿದ್ದೀಯ. ನೀನು ಅದನ್ನು ಕುಡಿದೇ ಇಲ್ಲ, ಅಕ್ಕ.

ಕುಡಿದಿದ್ದರೆ ಉಳಿಯುತ್ತಿತ್ತೇನೋ ಎಂದು ಈಗ ನಿನಗೆ ಅನ್ನಿಸುತ್ತದೆ. ಉಳಿಯುತ್ತಿರಲಿಲ್ಲ ಎಂದು ಸಮಾಧಾನ ಹೇಳೋಣವೆಂದರೆ ಅದು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಹೇಳಲಾರೆ. ಶಾಪ ಹಾಕುವುದಾದರೆ ನನಗೆ ಹಾಕು, ನಿನ್ನ ಹೊಟ್ಟೆಗೆ ಹಾಕಬೇಡ.

ಸೂಜಿಯಮ್ಮನ ಹತ್ತಿರ ಹೋಗುವುದನ್ನು ಬಿಡಬೇಡ. ಅವರ ಮಂಚದ ಮೇಲೆ, ಪಾದದ ತುಂಬ ಸೂಜಿ ಚುಚ್ಚಿಸಿಕೊಂಡು ಮಲಗಿದಾಗ ಮಾತ್ರ ನೀನು ಗೊರಕೆ ಹೊಡೆಯುತ್ತೀಯ. ಆದರೆ ಮುಂದಿನ ಸಲ ಡಾಕ್ಟರಿಗೆ ಎಲ್ಲವನ್ನೂ ಹೇಳು. ಉಳಿದ ಬೇರು ಅಕ್ಕಿ ಡಬ್ಬದ ಹಿಂದಿದೆ. ಕುಡಿಯಬೇಕೋ ಬೇಡವೋ, ಡಾಕ್ಟರನ್ನು ಕೇಳಿಯೇ ಮಾಡು. ಪಾತ್ರೆ ತಿಕ್ಕಿಟ್ಟಿದ್ದೇನೆ, ವಾಸನೆ ಮಾತ್ರ ಹೋಗಿಲ್ಲ.

ಇದನ್ನು ಓದಿದ ಮೇಲೆ ನನ್ನ ಕೈಯಿಂದ ನೀರೂ ನಿನ್ನ ಗಂಟಲಲ್ಲಿ ಇಳಿಯಲಾರದು. ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.

ನಿನ್ನ ತಂಗಿ,
ಬುಗುರಿ