ಕರೆಯದೆ ದಾಟಿದ ಸೇತುವೆ

ನವೆಂಬರ್ 4, ಸೋಮವಾರ

ರೌಂಡ್ಸ್, ಮಾರ್ಫಿನ್, ಒಣಗಿದ ತುಟಿಗಳಿಗೆ ಒದ್ದೆ ಹತ್ತಿ. ಮಧ್ಯಾಹ್ನವಿಡೀ ಸ್ಲೈಡುಗಳು. ಶುಕ್ರವಾರ ಹೊಸ ನರ್ಸುಗಳಿಗೆ ಟ್ರೈನಿಂಗ್. ನನ್ನ ಪಾಠ — ಕೊನೆಯುಸಿರಿರುವಾಗಲೇ ರೋಗಿಯನ್ನು ಮನೆ ಮುಟ್ಟಿಸುವುದು. ಆಕ್ಸಿಜನ್, ಔಷಧಿ, ಮನೆಯವರೊಡನೆ ಮಾತು. ಅಚ್ಚುಕಟ್ಟಾಗಿದೆ. ಸ್ವಲ್ಪ ಹೆಚ್ಚೇ ಅಚ್ಚುಕಟ್ಟು.

ಕಿಟಕಿ ಪಕ್ಕದ ತ್ಸಾಯ್ ತಾತ ನಾಳೆ ಮನೆಗೆ. ಶ್ವಾಸಕೋಶದ ಕ್ಯಾನ್ಸರ್. ಬದುಕಿಡೀ ಸಮುದ್ರದಲ್ಲಿ ನಿಂತು ಸಿಂಪಿ ಬೆಳೆಸಿದವರು. ಮಾತಿಗೆ ಉಸಿರು ಸಾಲದು, ಆದರೂ ಇವತ್ತು ನನ್ನ ತೋಳು ಹಿಡಿದು ಹೇಳಿದರು: "ಹೊರಗೆ ಸತ್ತವನನ್ನ ಹೊಸಿಲು ದಾಟಿಸಲ್ಲ ಸಿಸ್ಟರ್. ಬೀದೀಲೇ ಶಾಮಿಯಾನ ಹಾಕ್ತಾರೆ. ಜೀವಮಾನವೆಲ್ಲ ಗಾಳೀಲಿ ನಿಂತೆ. ಸತ್ತ ಮೇಲೂ ಗಾಳೀಲೇನಾ?"

ಇಲ್ಲ ಅಂದೆ. ಮಾತು ಕೊಡಬಾರದು ಅಂತ ನಾನೇ ಪಾಠ ಮಾಡುತ್ತೇನೆ. ಕೊಟ್ಟೆ.

ನವೆಂಬರ್ 5, ಸಂಜೆ

ಮುಟ್ಟಿಸಿದೆವು. ನಡುಮನೆಯಲ್ಲಿ, ದೇವರ ಮುಂದೆ, ತಾವೇ ಉಸಿರಾಡುತ್ತ ಮಲಗಿದರು. ಸ್ವಲ್ಪ ಹೊತ್ತಿಗೆ ನಿಂತಿತು. ನೋವಿರಲಿಲ್ಲ.

ದಾರಿಯುದ್ದಕ್ಕೂ ಮಗಳು ಶಿಯು-ಲ್ವಾನ್ ಅಪ್ಪನ ಕೈ ಬಿಟ್ಟಿರಲಿಲ್ಲ. ಆಂಬುಲೆನ್ಸಿನ ಹಿಂಬದಿಯ ಗಾಜು ಮಸುಕು, ಹೊರಗೆ ಏನೂ ಕಾಣದು. ಸೇತುವೆ ಬಂದಾಗಲೆಲ್ಲ ಡ್ರೈವರ್ ಖುಯಿ ಮುಂದಿನಿಂದ ಕೂಗುವುದು, ಇವಳು ಬಾಗಿ ಕಿವಿಯಲ್ಲಿ ಹೇಳುವುದು — "ಅಪ್ಪಾ, ಸೇತುವೆ ಬಂತು. ದಾಟ್ತಾ ಇದ್ದೀವಿ. ಜೊತೆಗೇ ಬಾ." ಹೇಳದಿದ್ದರೆ ಜೀವ ನೀರಿನ ಆಚೆಯೇ ನಿಲ್ಲುತ್ತದಂತೆ. ನನ್ನಮ್ಮನನ್ನು ಕರೆತಂದಾಗ ನಾನೂ ಹೇಳಿದ್ದೆ, ನಂಬದೆಯೇ.

ಒಂದು ಕಡೆ, ಹೊಸ ಬೈಪಾಸಿನ ಮೇಲೆ, ತಾತನ ಕಣ್ಣು ಹಿಂಬಾಗಿಲಿನತ್ತ ಹೊರಳಿ ಅಲ್ಲೇ ನಿಂತಿತು. ಆಮೇಲೂ ಉಸಿರಿತ್ತು, ನಾಡಿಯಿತ್ತು. ಮುಖದಲ್ಲಿ ಮಾತ್ರ ಯಾರೂ ಇರಲಿಲ್ಲ. ರಿಪೋರ್ಟಿನಲ್ಲಿ 'ಪ್ರಜ್ಞೆ ಕ್ಷೀಣ' ಅಂತ ಬರೆದೆ. ಇನ್ನೇನು ಬರೆಯಬೇಕಿತ್ತು?

ನವೆಂಬರ್ 14

ಟ್ರೈನಿಂಗ್ ಚೆನ್ನಾಗಿಯೇ ಆಯಿತು ಅಂದರು.

ಇವತ್ತು ಶಿಯು-ಲ್ವಾನ್ ಫೋನ್. ದಿನವೂ ಅಪ್ಪನ ಪಟದ ಮುಂದೆ ಅನ್ನ ಇಟ್ಟು ಎರಡು ನಾಣ್ಯ ಎಸೆದು ಕೇಳುತ್ತಾಳೆ: ಮನೆಗೆ ಬಂದೆಯಾ? ಒಂದು ಅಂಗಾತ ಒಂದು ಬೋರಲು ಬಿದ್ದರೆ ಹೌದು. ಎರಡೂ ಒಂದೇ ಬಗೆ ಬಿದ್ದರೆ ಅಲ್ಲ. ಯಾವತ್ತೂ ಒಂದೇ ಬಗೆ. ನಾಣ್ಯ ಬದಲಿಸಿದಳಂತೆ, ಎಸೆಯುವ ಕೈ ಬದಲಿಸಿದಳಂತೆ, ತಮ್ಮನಿಂದಲೂ ಎಸೆಯಿಸಿದಳಂತೆ. ಒಳ್ಳೆ ದಿನ ನೋಡಿ ಇಪ್ಪತ್ತೆರಡಕ್ಕೆ ದಹನ ಇಟ್ಟಿದ್ದಾರೆ, ಅಲ್ಲಿಯವರೆಗೆ ದೇಹ ಮನೆಯಲ್ಲೇ ಶೀತಪೆಟ್ಟಿಗೆಯಲ್ಲಿ. ಅಷ್ಟರೊಳಗೆ ಬರದಿದ್ದರೆ ಮತ್ತೆ ಯಾವ ಮನೆಗೆ ಬರುವುದು?

ಕಲಿತದ್ದನ್ನೇ ಹೇಳಿದೆ. ನಿಮಗೆ ತುಂಬಾ ಚಿಂತೆ ಆಗಿರೋ ಹಾಗಿದೆ, ಅಂತ.

"ಚಿಂತೆ ಅಲ್ಲ ಸಿಸ್ಟರ್," ಅಂದಳು. "ದಾರಿ ಕೇಳ್ತಾ ಇದ್ದೀನಿ. ಅಪ್ಪನ್ನ ಎಲ್ಲಿ ಬಿಟ್ಟು ಬಂದ್ವಿ?"

ಹೆಡ್ ನರ್ಸ್ ಲೋ ಮೇಡಂಗೆ ಹೇಳಿದೆ. ಶೋಕದ ಒಂದು ಹಂತ, ಕೌನ್ಸೆಲಿಂಗಿಗೆ ಕಳಿಸು ಅಂದರು. ಆಮೇಲೆ ದನಿ ತಗ್ಗಿಸಿ — "ಯಾವ ರಸ್ತೇಲಿ ಹೋಗಿದ್ರಿ?"

ನವೆಂಬರ್ 16

ಖುಯಿಯಣ್ಣನನ್ನು ಕರೆದುಕೊಂಡು ಬೈಪಾಸಿಗೆ. ನಡುಮಧ್ಯಾಹ್ನ. ಇಪ್ಪತ್ತು ವರ್ಷದಿಂದ ಸಾವಿನಂಚಿನವರನ್ನೇ ಹೊತ್ತವನು, ಒಂದು ಸೇತುವೆಯೂ ತಪ್ಪಿಲ್ಲ ಅಂತ ದಾರಿಯಿಡೀ ಕೊಚ್ಚಿಕೊಂಡ. ನನಗೂ ಒಂದು ಸೀಟು ಈಗಲೇ ಬುಕ್ ಮಾಡಿಡಲಾ ಅಂತ ಛೇಡಿಸಿದ.

ತಾತನ ಕಣ್ಣು ನಿಂತ ಜಾಗ ಅಂದಾಜಿತ್ತು. ನಿಲ್ಲಿಸು ಅಂದೆ. ರಸ್ತೆ ಅಲ್ಲಿ ಉಬ್ಬಿಲ್ಲ, ಕಿರಿದಾಗಿಲ್ಲ, ಕಂಬಿಯ ಬದಲು ಎರಡೂ ಬದಿ ಎತ್ತರದ ಹಲಗೆಗೋಡೆ. ಖುಯಿ ಗೋಡೆ ಹತ್ತಿ ಆಚೆ ಇಣುಕಿದ. ತುಂಬಾ ಹೊತ್ತು ಇಳಿಯಲಿಲ್ಲ.

ಕೆಳಗೆ ಉಪ್ಪುನೀರಿನ ಕಾಲುವೆ. ಅಗಲವಾಗಿಯೇ ಇದೆ.

"ರಸ್ತೆ ಅಂದ್ಕೊಂಡಿದ್ದೆ," ಅಂದ. ಬಾಯಲ್ಲಿದ್ದ ಅಡಿಕೆ ಉಗಿದ. "ಮೊದಲನೇ ದಿನದಿಂದ್ಲೂ ರಸ್ತೆ ಅಂತ್ಲೇ..."

ಈ ತಿಂಗಳಲ್ಲಿ ಈ ಕರಾವಳಿಯಲ್ಲಿ ಸ್ಕೂಟರು ಬೀಳಿಸುವಂಥ ಗಾಳಿ. ಅಲ್ಲಿ ಮಾತ್ರ ಗಾಳಿಯಿಲ್ಲ. ಗೋಡೆ ಇರುವುದಕ್ಕೆ ಇರಬೇಕು. ಆದರೆ ಖುಯಿ ಗೋಡೆಯ ಮೇಲಿದ್ದಾಗಲೂ ಅವನ ಕೂದಲು ಅಲುಗಲಿಲ್ಲ.

ನವೆಂಬರ್ 19

ಶಿಯು-ಲ್ವಾನ್ ಜೊತೆ ಹೋದೆ. ನರ್ಸ್ ಆಗಿಯೋ, ಏನಾಗಿಯೋ, ಗೊತ್ತಿಲ್ಲ. ಅಪ್ಪನ ಅಂಗಿ ತಂದಿದ್ದಳು. ಊದುಬತ್ತಿ ಹಚ್ಚಿ ರಸ್ತೆಯಂಚಿನಲ್ಲಿ ಕೂತು ಕೇಳಿದಳು: ಇಲ್ಲಿದ್ದೀಯಾ?

ಒಂದು ಅಂಗಾತ, ಒಂದು ಬೋರಲು. ಮೊದಲ ಎಸೆತಕ್ಕೇ.

ಅಳುತ್ತಾಳೆ ಅಂದುಕೊಂಡೆ. ಬೈದಳು. "ಇಷ್ಟು ದಿನ ಇಲ್ಲೇ ನಿಂತಿದ್ದೀಯಾ? ದಾರಿ ಕೇಳೋಕೆ ಬಾಯಿಲ್ವಾ? ಮನೇಲಿ ಅನ್ನ ಹಳಸಿ ಹಳಸಿ ಹಂದಿಗೆ ಹಾಕ್ತಾ ಇದ್ದೀನಿ." ಮೂಗು ಒರೆಸಿಕೊಂಡು, ಬರ್ತೀಯಾ ನನ್ನ ಜೊತೆ ಅಂತ ಎಸೆದಳು.

ಅಲ್ಲ.

ನನ್ನ ಮೇಲೆ ಕೋಪಾನಾ? ಅಲ್ಲ. ದಾರಿ ಕಾಣ್ತಿಲ್ವಾ? ಅಲ್ಲ. ಆಮೇಲೆ ಅವಳು ರಸ್ತೆಯ ಉದ್ದಕ್ಕೂ ನೋಡಿದಳು. ಬಹಳ ಮೆಲ್ಲಗೆ ಕೇಳಿ, ನಾಣ್ಯ ಎಸೆದಳು.

"ನೀನೊಬ್ಬನೇ ಇಲ್ವಾ ಅಪ್ಪಾ? ಬೇರೆಯವರೂ ಇದ್ದಾರಾ?"

ಹೌದು.

ಅವರನ್ನ ಬಿಟ್ಟು ಬರಲ್ವಾ?

ಹೌದು.

ಬೇಸಿಗೆಯಲ್ಲಿ ಬೈಪಾಸ್ ತೆರೆದಾಗಿನಿಂದ ನಾನು ಎಲ್ಲರನ್ನೂ ಈ ದಾರಿಯಲ್ಲೇ ಕರೆತಂದಿದ್ದೇನೆ. ಅದನ್ನು ಅವಳಿಗೆ ಹೇಳಿರಲಿಲ್ಲ. ಆದರೂ ನನ್ನತ್ತ ತಿರುಗಿದಳು. "ಅವರ ಹೆಸರು ನಿಮಗೆ ಗೊತ್ತಲ್ವಾ ಸಿಸ್ಟರ್. ಹೇಳಿ, ನಾನೇ ಕರೀತೀನಿ."

ರೋಗಿಗಳ ಹೆಸರು ಹೇಳುವಂತಿಲ್ಲ ಅಂದೆ. ಆ ಸೇತುವೆಯ ಮೇಲೆ ನಿಂತು, ಗೋಪ್ಯತೆ ಅಂದೆ. ಅವಳು ಅಂಗಿ ಮಡಿಸಿ ನನ್ನ ಕೈಗಿಟ್ಟಳು.

ನವೆಂಬರ್ 21, ಮಧ್ಯಾಹ್ನ

ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ಸೇತುವೆಯ ಮೇಲೆ. ನಾಳೆ ತಾತನ ದಹನ. ರಜೆ ಹಾಕಿದ್ದೇನೆ, ಕಾರಣ ಬರೆದಿಲ್ಲ. ತಪ್ಪೋ ಸರಿಯೋ ಆಮೇಲೆ ಯೋಚಿಸುತ್ತೇನೆ. ಹಾಗಂತ ಯೋಚಿಸುವುದೂ ನಿಂತಿಲ್ಲ.

ಹಿಂದಿನ ಬಾಗಿಲು ತೆರೆದಿಟ್ಟೆ. ಮುಂದಿನ ಸೀಟಿನ ಮೇಲೆ ತಾತನ ಅಂಗಿ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದೆ. ಹೆಸರುಗಳನ್ನು ಇಲ್ಲಿಯೂ ಬರೆಯುವುದಿಲ್ಲ. ಐಸ್ ಚೂರು ಚೀಪುತ್ತಿದ್ದ ಅಜ್ಜಿ. ಚಪ್ಪಲಿ ಹಾಕದೆ ಹೊರಡಲ್ಲ ಅಂದ ಮೇಷ್ಟ್ರು. ಹೆಂಡತಿಯ ಹೆಸರು ಮರೆತು ನನ್ನನ್ನು ಕೇಳುತ್ತಿದ್ದವರು. ಸೇತುವೆ ಬಂತು, ದಾಟ್ತಾ ಇದ್ದೀವಿ, ಜೊತೆಗೇ ಬನ್ನಿ. ಮೊದಲು ನಾಚಿಕೆಯಿಂದ ಮೆಲ್ಲಗೆ ಕರೆದೆ, ಆಮೇಲೆ ಗಟ್ಟಿಯಾಗಿ. ಒಂದೊಂದು ಹೆಸರಿಗೂ ಕಾರು ಚೂರು ತಗ್ಗಿತು. ಯಾರೋ ಹತ್ತಿ ಕೂತ ಹಾಗೆ. ಕೊನೆಗೆ ತ್ಸಾಯ್ ತಾತನನ್ನು ಕರೆದೆ. ಮುಂದಿನ ಸೀಟು ಕಿರ್ ಅಂದಿತು.

ಅಷ್ಟೇ, ನನಗೆ ಗೊತ್ತಿದ್ದವರು ಮುಗಿದರು. ಶಿಯು-ಲ್ವಾನ್‌ಗೆ ಫೋನ್ ಮಾಡಿ ಮನೆಬಾಗಿಲು ತೆರೆದಿಡು ಅಂದೆ. ಕಾರಿನ ಬಾಗಿಲು ಹಾಕಿ ಹೊರಡಬೇಕು, ಒಬ್ಬೊಬ್ಬರನ್ನೇ ಅವರವರ ಮನೆ ಮುಟ್ಟಿಸಬೇಕು.

ಕಾರು ಇನ್ನೂ ತಗ್ಗುತ್ತಿದೆ. ಈ ರಸ್ತೆಯಲ್ಲಿ ನಮ್ಮದೊಂದೇ ಆಂಬುಲೆನ್ಸ್ ಅಲ್ಲವಲ್ಲ... ಇವರ ಹೆಸರು ನನಗೆ ಗೊತ್ತಿಲ್ಲ. ಮನೆ ಗೊತ್ತಿಲ್ಲ. ಕರೆದೇ ಇಲ್ಲ, ಆದರೂ ಒಬ್ಬರ ಹಿಂದೆ ಒಬ್ಬರು —