ಹಗ್ಗದ ಆಚೆಗಿನ ಜೋಳ

ಹೊಲದ ಮನೆ
ತಾರೀಖು ಹದಿನಾಲ್ಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಆಪರೇಷನ್ ಆದ ಕಣ್ಣು ಹೇಗಿದೆ? ಕಟ್ಟು ಬಿಚ್ಚುವವರೆಗೆ ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದನ್ನು ನೀವು ಎಷ್ಟು ಪಾಲಿಸುತ್ತಿದ್ದೀರೋ ನನಗೆ ಗೊತ್ತು. ಅಕ್ಕನ ಮನೆಯ ಹೂಕುಂಡಗಳಲ್ಲಿ ತಡಕಾಡಿ ಕಳೆ ಕೀಳುತ್ತಾ ಕೂತಿರುತ್ತೀರಿ. ಈ ಪತ್ರವನ್ನು ಅಕ್ಕ ನಿಮಗೆ ಓದಿ ಹೇಳುತ್ತಾಳೆ. ಫೋನಿನಲ್ಲಾದರೆ ನಾನು ಬಾಯಿ ತೆರೆಯುವ ಮೊದಲೇ ಬೇಡ ಎನ್ನುತ್ತೀರಿ; ಪತ್ರವನ್ನಾದರೆ ಕೊನೆಯವರೆಗೆ ಕೇಳಲೇಬೇಕು. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೊಲ ನೋಡಿ ಬಂದೆ.

ಹೊರಡುವ ದಿನ ನೀವು ಹೊಲದ ನಡುವೆ ಹಗ್ಗ ಕಟ್ಟಿ, "ಆ ಕಡೆ ನಿಂದು, ಏನು ಬೇಕಾದ್ರೂ ಮಾಡ್ಕೊ. ಈ ಕಡೆ ನಂದು, ಒಂದು ಕಡ್ಡಿ ಬಿದ್ದಿರಬಾರ್ದು" ಅಂದಿರಿ. ಹೊಲ ಗುಡಿಸಿದ ಅಂಗಳದ ಹಾಗಿರಬೇಕು ಎಂಬುದು ನಿಮ್ಮ ಹಟ. ನನ್ನ ಕಡೆ ನಾನು ಜೋಳದ ಸಾಲುಗಳ ನಡುವೆ ಹಸು ಮೂಸಿಯೂ ನೋಡದ ಹಳೆಯ ಹುಲ್ಲು, ಒಣ ಎಲೆ, ಕಿತ್ತ ಕಳೆ ಎಲ್ಲವನ್ನೂ ನಾಲ್ಕು ಬೆರಳು ದಪ್ಪ ಹೊದಿಸಿದೆ. "ಈ ಬಿಸಿಲಲ್ಲಿ ಹೊಲಕ್ಕೆ ಕಂಬಳಿ ಹೊದಿಸ್ತೀಯಲ್ಲೇ" ಎಂದು ಅಮ್ಮ ನಕ್ಕಳು.

ಮಳೆ ಬಿದ್ದು ಹದಿನೆಂಟು ದಿನವಾಯಿತು. ಮೊನ್ನೆ ಸುಮ್ಮನಿರಲಾರದೆ ಮನೆಯ ಜ್ವರದ ಥರ್ಮಾಮೀಟರನ್ನೇ ಒಯ್ದು ಮಣ್ಣಿಗೆ ಚುಚ್ಚಿದೆ. ನನ್ನ ಕಡೆ ಪಾದರಸ ಮೊದಲ ಗೆರೆಯನ್ನೂ ಮುಟ್ಟಲಿಲ್ಲ. ನಿಮ್ಮ ಕಡೆ ಸರಸರನೆ ತುದಿಗೆ ಏರಿ, ಗಾಜು ಫಟ್ಟೆಂದು ಒಡೆಯಿತು. ಅಮ್ಮನಿಂದ ಬೈಸಿಕೊಂಡು, ಶಾಲೆಯ ವಿಜ್ಞಾನದ ಮೇಷ್ಟರನ್ನು ಕೇಳಿ ಉದ್ದನೆಯದೊಂದು ತಂದೆ. ನಾಲ್ಕು ಬೆರಳು ಆಳದಲ್ಲಿ ನಿಮ್ಮ ಕಡೆ ನಲವತ್ತಮೂರು ಡಿಗ್ರಿ, ನನ್ನ ಕಡೆ ಮೂವತ್ತೆರಡು. ಮೇಷ್ಟರ ಥರ್ಮಾಮೀಟರನ್ನು ನಂಬದಿದ್ದರೆ ಬಿಡಿ, ಮಣ್ಣು ನಿಮ್ಮದೇ ಅಲ್ಲವೇ. ನನ್ನ ಕಡೆ ಹುಲ್ಲು ಸರಿಸಿ ಒಂದು ಹಿಡಿ ಅದುಮಿದರೆ ಉಂಡೆ ಕಟ್ಟುತ್ತದೆ. ನಿಮ್ಮ ಕಡೆಯದು ಬೆರಳ ಸಂದಿಯಿಂದ ಸೋರಿ ಹೋಗುತ್ತದೆ.

ಎಲ್ಲದರಲ್ಲೂ ನಾನೇ ಸರಿ ಎಂದು ಜಂಬ ಕೊಚ್ಚುತ್ತಿಲ್ಲ. ಹುಲ್ಲಿನಡಿ ಗೆದ್ದಲು ಬಂದಿದೆ. ತುಂತುರು ಮಳೆಯಾದರೆ ಅರ್ಧ ನೀರನ್ನು ಹುಲ್ಲೇ ಕುಡಿದುಬಿಡುತ್ತದೆ, ಅದೂ ಗೊತ್ತು. ಆದರೆ ನಿಮ್ಮ ಜೋಳ ಬೆಳಗ್ಗೆ ಹತ್ತಕ್ಕೇ ಎಲೆ ಸುರುಳಿ ಸುತ್ತಿಕೊಂಡು ನಿಲ್ಲುತ್ತದೆ, ಸಂಜೆಯಾದರೂ ಬಿಚ್ಚಿಕೊಳ್ಳುವುದಿಲ್ಲ. ಒಂದು ಗೇಣು ಕೆಳಗೆ ಇನ್ನೂ ತುಸು ಹಸಿ ಇದೆ. ಈಗ ಮುಚ್ಚಿದರೆ ಅದಾದರೂ ಉಳಿಯುತ್ತದೆ, ನಾಲ್ಕು ದಿನ ಬಿಟ್ಟರೆ ಅದೂ ಇಲ್ಲ. ನೀವು ಬಿತ್ತಿದ್ದು ಒಣಗುವುದನ್ನು ನೋಡುತ್ತಾ ನಿಲ್ಲಲು ನನ್ನಿಂದ ಆಗುತ್ತಿಲ್ಲ ಅಪ್ಪಾ. ನಿಮ್ಮ ಮಾತು ಮೀರಲೂ ಹೆದರಿಕೆ. ಮುಚ್ಚು ಎಂದು ಅಕ್ಕನ ಕೈಲಿ ಒಂದು ಮಾತು ಹೇಳಿಸಿ.

ಕಣ್ಣು ಉಜ್ಜಬೇಡಿ. ಭಾವನನ್ನು ಕೇಳಿದೆ ಎಂದು ಹೇಳಿ. ನಿಮ್ಮ ಪಾದಗಳಿಗೆ ನಮಸ್ಕಾರ.

ನಿಮ್ಮಷ್ಟೇ ಹಟದ
ಕಿರಿಮಗಳು

ತಾ.ಕ.: ಅಕ್ಕಾ, ಇದನ್ನು ಗಟ್ಟಿಯಾಗಿ ಓದಬೇಡ. ಇವತ್ತು ಬೆಳಗ್ಗೆಯೇ ಅಪ್ಪನ ಕಡೆಯನ್ನೂ ಮುಚ್ಚಿಬಿಟ್ಟೆವು. ಮೊದಲ ಹೊರೆ ಹೊತ್ತು ತಂದವಳು ಅಮ್ಮ, ಆ ಮಂಡಿ ಇಟ್ಟುಕೊಂಡು. ಹಗ್ಗದ ಪಕ್ಕದ ಒಂದು ಸಾಲನ್ನು ಮಾತ್ರ ಅಪ್ಪ ಹೇಳಿದ ಹಾಗೆ ಚೊಕ್ಕಟವಾಗಿ ಬಿಟ್ಟಿದ್ದೇನೆ. ಅವರು ಬರುವಷ್ಟರಲ್ಲಿ ಅದು ಒಣಗಿರುತ್ತದೆ. ಕಟ್ಟು ಬಿಚ್ಚಿದ ಕಣ್ಣಿನಿಂದ ಮೊದಲು ಅದನ್ನು ನೋಡಲಿ, ಆಮೇಲೆ ನನ್ನನ್ನು ಬೈಯಲಿ.