ಬಿಬ್ಬೋ ಪ್ಯಾಂಟೋ, ಒಂದು ಸಾಲಿನ ಉತ್ತರ

ಮಂಗಳವಾರ, ಜನವರಿ 11
ಮಧ್ಯಾಹ್ನ, ಪುಟ್ಟಿ ಮಲಗಿರುವಾಗ

ಪ್ರೀತಿಯ ಕ್ಯಾಪ್ಟನ್,

ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಕಾಗದ ಬಂದು ಹತ್ತೊಂಬತ್ತು ದಿನವಾಯಿತು. ಫ್ರಿಜ್ಜಿನ ಬಾಗಿಲಿಗೆ, ಪುಟ್ಟಿಯ ಲಸಿಕೆ ಚೀಟಿಯ ಪಕ್ಕ ಅಂಟಿಸಿಟ್ಟಿದ್ದೇನೆ. ಬಾಗಿಲು ತೆಗೆದಾಗಲೆಲ್ಲ ನಿನ್ನ ಕೋಳಿ ಕಾಲಿನ ಅಕ್ಷರ ಕಣ್ಣಿಗೆ ಬೀಳುತ್ತದೆ: "ಸ್ಕೀ ಬಿಬ್ಬೋ, ಸ್ಕೀ ಪ್ಯಾಂಟೋ? ಸೈಜು ಎಷ್ಟು? ಒಂದೇ ಸಾಲಲ್ಲಿ ಬರಿ, ಪುರಾಣ ಬೇಡ." ನಮ್ಮ ಹಳೇ ತಂಡದ ಉಳಿದ ಮೂವರೂ ಅದೇ ದಿನ ಉತ್ತರ ಕೊಟ್ಟರಂತೆ. ಬೆಟ್ಟದಲ್ಲಿ ಸ್ಕೀ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಯವರು ಪಟ್ಟಿ ಕೇಳುತ್ತಿದ್ದಾರೆ, ನನ್ನ ಹೆಸರಿನ ಮುಂದೆ ಮಾತ್ರ ಖಾಲಿ. ಗೊತ್ತು ಕಣೇ. ಕಾಲೇಜಿನ ಸ್ಕೀ ತಂಡದಲ್ಲಿ ಹಿಂದೆಮುಂದೆ ನೋಡದೆ ಇಳಿಜಾರಿಗೆ ನುಗ್ಗುತ್ತಿದ್ದವಳು, ನೀನೇ 'ಬಾಣ' ಅಂತ ಹೆಸರಿಟ್ಟವಳು, ಮೂರು ದಿನದ ಪ್ರವಾಸಕ್ಕೆ ಒಂದು ಚಡ್ಡಿ ಆರಿಸಲು ಮೂರು ವಾರ ತೆಗೆದುಕೊಂಡಿದ್ದಾಳೆ ಅಂದರೆ ನಿನಗೆ ನಗು ಬರದೆ ಇರುತ್ತದೆಯೇ?

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಪುಟ್ಟಿಗೆ ಎಂಟು ತಿಂಗಳು ತುಂಬಿತು. ಕೆಳಗೆ ಎರಡು ಹಲ್ಲು, ಅಕ್ಕಿಕಾಳಿನಷ್ಟು. ನಿದ್ದೆ ಮಾತ್ರ ಒಂದು ಸಲಕ್ಕೆ ನಲವತ್ತು ನಿಮಿಷ. ಅವಳಿಗೂ ಅಷ್ಟೇ, ನನಗೂ ಅಷ್ಟೇ. ನೀರು ಪರೀಕ್ಷೆಯ ಲ್ಯಾಬಿನಲ್ಲಿ ನನಗಿನ್ನೂ ಎರಡು ತಿಂಗಳು ರಜೆಯಿದೆ. ದಿನಕ್ಕೆ ಅರವತ್ತು ಬಾಟಲಿ ನೀರು ನೋಡಿ, ಇದು ಕುಡಿಯಬಹುದು, ಇದು ಕೂಡದು ಅಂತ ಸಹಿ ಹಾಕುತ್ತಿದ್ದವಳು ನಾನು. ಈಗ ಮಗುವಿಗೆ ಸ್ವೆಟರ್ ಬೇಕೋ ಬೇಡವೋ ಅಂತ ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲುತ್ತೇನೆ. ಹಾಕುತ್ತೇನೆ, ತೆಗೆಯುತ್ತೇನೆ, ಮತ್ತೆ ಹಾಕುತ್ತೇನೆ. ಅಷ್ಟರಲ್ಲಿ ಅವಳಿಗೂ ಬೆವರು, ನನಗೂ ಬೆವರು.

ಇರು, ಕೆಮ್ಮಿದಳು. ನೋಡಿ ಬಂದೆ. ಕೆಮ್ಮಲಿಲ್ಲ, ಪಕ್ಕದ ಮನೆಯವರು ಕುರ್ಚಿ ಎಳೆದದ್ದು.

ಸರಿ, ವಿಷಯಕ್ಕೆ ಬರುತ್ತೇನೆ. ಪ್ಯಾಂಟ್ ಆದರೆ ಸುಲಭ. ಗುಂಡಿ ಹಾಕಿದರೆ ಮುಗಿಯಿತು, ಬಾತ್‌ರೂಮಿಗೆ ಹೋಗಬೇಕೆಂದರೆ ಜಾಕೆಟ್ ಬಿಚ್ಚುವ ರಗಳೆಯಿಲ್ಲ. ಆದರೆ ಅದರ ಸೊಂಟಪಟ್ಟಿ ಸರಿಯಾಗಿ ಹೆರಿಗೆಯ ಆಪರೇಷನ್ನಿನ ಹೊಲಿಗೆಯ ಮೇಲೇ ಕೂರುತ್ತದೆ. ಗಾಯ ಮಾಗಿದೆ ಅಂತಾರೆ ಡಾಕ್ಟರು; ಒತ್ತಿದರೆ ಈಗಲೂ ಜುಂ ಅನ್ನುತ್ತದೆ. ಪಟ್ಟಿ ಸಡಿಲ ಬಿಟ್ಟರೆ ಪ್ಯಾಂಟು ಜಾರುತ್ತದೆ, ಜಾರಿದರೆ ಬೆನ್ನೊಳಗೆಲ್ಲ ಹಿಮ. ಬಿಬ್ ಹಾಗಲ್ಲ. ಹೆಗಲ ಪಟ್ಟಿಗಳಿಂದ ನೇತಾಡುತ್ತದೆ, ಹೊಟ್ಟೆ ಹಿಡಿಯುವುದಿಲ್ಲ, ಎದೆಯವರೆಗೆ ಬೆಚ್ಚಗಿರುತ್ತದೆ, ಬಿದ್ದು ಉರುಳಾಡಿದರೂ ಒಳಗೆ ಹಿಮ ನುಗ್ಗುವುದಿಲ್ಲ. ಆದರೆ ಬಿಬ್ ಹಾಕಿದವರನ್ನು ಕಂಡರೆ ಆಗ ನಾವೇನು ಅನ್ನುತ್ತಿದ್ದೆವು, ನೆನಪಿದೆಯಾ? "ಬೀಳೋಕೇ ರೆಡಿಯಾಗಿ ಬಂದಿದಾರೆ ನೋಡೇ!" ಈಗ ನಾನೇ ಬೀಳಲು ರೆಡಿಯಾಗಿ ಬರಬೇಕು. ಮೇಲಾಗಿ ಮೂರು ಗಂಟೆಗೊಮ್ಮೆ ಪಂಪ್ ಹಿಡಿದು ಕೂತು ಹಾಲು ತೆಗೆಯಬೇಕಲ್ಲ. ಬಿಬ್ಬೆಂದರೆ ಎದೆಗೆ ಬೀಗ ಜಡಿದ ಹಾಗೆ. ಇಷ್ಟನ್ನೂ ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿ ಬರೆದೆ. ಎರಡೂ ಕಡೆ ಸಮ ಬಂತು. ಹರಿದು ಹಾಕಿದೆ.

ಮನೆಯಲ್ಲಿ ಕೇಳಿದೆ. ಬೇಕರಿಯಿಂದ ಆಗಷ್ಟೇ ಬಂದಿದ್ದ ಇವರು, ಮೈಗಂಟಿದ ಹಿಟ್ಟು ಕೊಡವುತ್ತ, "ಎರಡನ್ನೂ ಬರ್ಕೊಳ್ಳೋಕೆ ಹೇಳು, ಅಲ್ಲಿ ಹೋಗಿ ನೋಡ್ಕೊಂಡ್ರಾಯ್ತು" ಅಂದರು. ಇವರ ಪ್ರಕಾರ ಪ್ರಪಂಚದಲ್ಲಿ ಸಮಸ್ಯೆಗಳೇ ಇಲ್ಲ, ಎಲ್ಲ ನಾನೇ ಕೂತು ತಯಾರು ಮಾಡುವುದು. ಅತ್ತೆಗೆ ಫೋನಿನಲ್ಲಿ ಫೋಟೋ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಬಿಬ್ಬು ಅಂದ್ಯಲ್ಲ, ಪುಟ್ಟಿಗೆ ಊಟ ಮಾಡಿಸುವಾಗ ಕೊರಳಿಗೆ ಕಟ್ಟೋದೇನೋ ಅಂದ್ಕೊಂಡೆ. ಇದ್ರಲ್ಲಿ ಅವಳನ್ನ ಪೂರ್ತಿ ಸುತ್ತಿ ಗಂಟು ಹಾಕಬಹುದು ಬಿಡು" ಅಂದರು. ಆಮೇಲೆ ನನ್ನ ಮುಖ ನೋಡಿ ಮೆತ್ತಗೆ, "ಮೂರು ದಿನ ತಾನೇ, ನಾನು ನೋಡ್ಕೋತೀನಮ್ಮ. ನಿನ್ನ ಗಂಡನ್ನೇ ಸಾಕಿದೀನಿ, ಇವಳೇನು ಹೆಚ್ಚು?"

"ರಾತ್ರಿ ಎದ್ರೆ ಅತ್ತೆ?"

"ಮಲಗಿಸ್ತೀನಿ."

"ಮಲಗ್ದೇ ಇದ್ರೆ?"

"ನಾನೂ ಎದ್ದಿರ್ತೀನಿ. ಇಬ್ಬರೂ ಸೇರಿ ನಿನ್ನ ಬೈತಾ ಕೂತಿರ್ತೀವಿ. ಹೋಗಿ ಬಾಮ್ಮ ಸುಮ್ನೆ."

ಇಷ್ಟು ಒಳ್ಳೆಯವರಾಗಬಾರದು ಕಣೇ ಜನ. ಬೇಡ ಅಂದಿದ್ದರೆ ಜಗಳವಾಡಿಯಾದರೂ ಹೊರಟುಬಿಡುತ್ತಿದ್ದೆ.

ಹಾಕಿ ನೋಡದೆ ಇದು ಬಗೆಹರಿಯದು ಅಂತ ಹೋದ ಗುರುವಾರ, ಪುಟ್ಟಿಯನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಕ್ರೀಡಾ ಸಾಮಗ್ರಿಯ ದೊಡ್ಡ ಅಂಗಡಿಗೆ ಹೋದೆ. ಅಲ್ಲಿದ್ದಾಕೆ ಅಮ್ಮನ ವಯಸ್ಸಿನವರು, ಕೊರಳಲ್ಲಿ ಅಳತೆಯ ಟೇಪು. ಮೊದಲು ಪ್ಯಾಂಟ್ ಕೊಟ್ಟರು. ಕೂತೆ, ಎದ್ದೆ, ಬಗ್ಗಿದೆ. ಹೊಲಿಗೆ ಚುಳ್ ಅಂದಿತು. ನನ್ನ ಮುಖ ನೋಡಿಯೇ, "ಆಪರೇಷನ್ನಾ ಮೇಡಂ? ಹಾಗಾದ್ರೆ ಇದು ಬೇಡ" ಅಂತ ಹಳದಿ ಬಿಬ್ಬೊಂದನ್ನು ತಂದರು. ಕಂಕುಳಿಂದ ಮೊಣಕಾಲಿನವರೆಗೆ ಪಕ್ಕದಲ್ಲಿ ಜಿಪ್ಪು. ಅದೊಂದು ಇದ್ದರೆ ಬಾತ್‌ರೂಮಿಗೆ ಪಟ್ಟಿ ಬಿಚ್ಚುವುದೇ ಬೇಡವಂತೆ. ನಮ್ಮ ಕಾಲದಲ್ಲಿ ಎಲ್ಲಿತ್ತು ಇದೆಲ್ಲ! "ನಿಂತಲ್ಲೇ ನಿಂತ್ರೆ ಗೊತ್ತಾಗಲ್ಲ, ಸ್ವಲ್ಪ ಓಡಾಡಿ. ಪಾಪು ಮಲಗಿದೆ, ನಾನಿದೀನಲ್ಲ" ಅಂದರು.

ಓಡಾಡಿದೆ. ಎಷ್ಟು ಹಗುರ ಅಂತೀಯ! ಬೂಟುಗಳ ಸಾಲಿನವರೆಗೆ ಹೋದೆ, ಅಲ್ಲಿಂದ ಬಾಗಿಲವರೆಗೆ, ಬಾಗಿಲಿನಿಂದ ಆಚೆಗೆ. ಒಣ ರಸ್ತೆಯಲ್ಲಿ ಹಳದಿ ಬಿಬ್ಬು, ಬೆನ್ನ ಹಿಂದೆ ಅಂಗಡಿಯ ಬೆಲೆ ಚೀಟಿ ಹಾರಾಡುತ್ತಿದೆ. ಔಷಧಿ ಅಂಗಡಿ ದಾಟಿದೆ, ಬೀಗದ ಕೈ ಮಾಡುವವನನ್ನು ದಾಟಿದೆ. ನಿಲ್ದಾಣದಲ್ಲಿ ಬಸ್ಸೊಂದು ಬಂದು ನಿಂತಿತು, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೆ. ಡ್ರೈವರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಮ್ಮಾ, ಇದು ಮಾರ್ಕೆಟ್ಟಿಗೆ ಹೋಗೋ ಬಸ್ಸು, ಹಿಮದ ಬೆಟ್ಟಕ್ಕಲ್ಲ" ಅಂದ. ಒಳಗಿದ್ದವರೆಲ್ಲ ಗೊಳ್ಳೆಂದರು. ಆಗ ಕಾಲು ಕೆಳಗಿಟ್ಟು ಓಡಿದೆ ನೋಡು, ಹೊಲಿಗೆ ಬಿಚ್ಚಿಹೋದರೂ ಗೊತ್ತಾಗುತ್ತಿರಲಿಲ್ಲ.

ಅಂಗಡಿಯಾಕೆ ಪುಟ್ಟಿಯನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದರು. ಅಳುತ್ತಿರಲಿಲ್ಲ ಅವಳು, ಟೇಪಿನ ತುದಿ ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದಳು. "ನಿದ್ದೆಯಿಲ್ಲ ನೋಡಿ, ಮಗು ಕರ್ಕೊಂಡು ಬಂದಿದ್ದೇ ಮರ್ತೋಯ್ತು" ಅಂದೆ. "ಆಗುತ್ತೆ ಬಿಡಿ. ನಾನು ನನ್ನ ಎರಡನೆಯವನನ್ನ ಲಾಂಡ್ರಿ ಅಂಗಡೀಲಿ ಬಿಟ್ಟು, ಬಟ್ಟೆ ಗಂಟು ಮಾತ್ರ ಮನೆಗೆ ತಂದಿದ್ದೆ" ಅಂತ ನಕ್ಕರು.

ಮನೆಯಲ್ಲೀಗ ಇದೇ ದೊಡ್ಡ ಜೋಕು. ಇವರು ಬೇಕರಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ನಾನು ಕಸದ ಬುಟ್ಟಿ ಹಿಡಿದು ಹೊರಟರೂ ಅತ್ತೆ, "ಮಗು ಇಲ್ಲೇ ಇದೆ, ಜ್ಞಾಪಕ ಇರ್ಲಿ" ಅಂತಾರೆ. ನಾನೂ ನಗುತ್ತೇನೆ.

ಹಾಗಾಗಿ ಬಿಬ್. ಮೀಡಿಯಂ. ಪಕ್ಕದ ಜಿಪ್ಪಿನದು. ಅಲ್ಲ, ತಡಿ, ಮೂರು ಗಂಟೆಗೊಮ್ಮೆ ಪಂಪ್ ಅಂದೆನಲ್ಲ, ಪ್ಯಾಂಟೇ ವಾಸಿಯೇನೋ. ಹೊಲಿಗೆಯ ಮೇಲೆ ಮೆತ್ತನೆ ಬಟ್ಟೆ ಮಡಚಿ ಇಟ್ಟುಕೊಂಡರೆ? ಬೇಡ. ಬಿಬ್ ಅಂತಲೇ ಬರೆದುಕೋ. ಪೆನ್ಸಿಲ್ಲಿನಲ್ಲಿ ಬರೆ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಎಡ ಮೊಣಕಾಲು ಗಟ್ಟಿಯಾಗಲಿ, ಕ್ಯಾಪ್ಟನ್‌ಗಿರಿ ನೂರು ವರ್ಷ ನಡೆಯಲಿ, ಯಾವ ಇಳಿಜಾರಿನಲ್ಲೂ ನಿನಗೆ ಪೆಟ್ಟಾಗದಿರಲಿ. ಪುಟ್ಟಿ ಎದ್ದಳು.

ನಿನ್ನ
ಬಾಣ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ಮಗುವನ್ನು ಮರೆತೆ ಅಂತ ಎಲ್ಲರ ಹತ್ತಿರ ಹೇಳಿದೆ. ನಾನು ಮರೆತಿರಲಿಲ್ಲ ಕಣೇ. ಅಂಗಡಿಯ ಬಾಗಿಲು ದಾಟುವಾಗಲೂ ಗೊತ್ತಿತ್ತು, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡುವಾಗಲೂ ಗೊತ್ತಿತ್ತು, ಅವಳು ಮುಷ್ಟಿ ಕೆನ್ನೆಗಿಟ್ಟುಕೊಂಡು ಅಲ್ಲಿ ಮಲಗಿದ್ದಾಳೆ ಅಂತ. ಡ್ರೈವರ್ ತಮಾಷೆ ಮಾಡದೆ ಬಾಗಿಲು ಹಾಕಿಕೊಂಡು ಹೊರಟಿದ್ದರೆ ನಾನು ಇಳಿಯುತ್ತಿದ್ದೆನೋ ಇಲ್ಲವೋ ತಿಳಿಯದು. ಅವಳ ಮೇಲೆ ಪ್ರೀತಿಯಿಲ್ಲ ಅಂದುಕೊಳ್ಳಬೇಡ. ಇದೆ, ಉಸಿರು ಕಟ್ಟುವಷ್ಟಿದೆ. ಮೂರೇ ರಸ್ತೆ ದಾಟಿದ್ದಕ್ಕೆ ಮೈ ಅಷ್ಟು ಹಗುರವಾಯಿತಲ್ಲ, ಮೂರು ದಿನ ಬೆಟ್ಟದ ಮೇಲಿದ್ದರೆ ಏನಾಗಬಹುದು ಅಂತ ನನ್ನ ಮೇಲೆ ನನಗೇ ಹೆದರಿಕೆ. ಇವರಿಗೂ ಹೇಳಿಲ್ಲ, ನಿನಗೊಬ್ಬಳಿಗೇ ಬರೆಯುತ್ತಿರುವುದು. ಮೂರನೇ ದಿನ ಸಂಜೆ ನೀನೇ ನನ್ನನ್ನು ವಾಪಸ್ ಕರೆದುಕೊಂಡು ಬರುತ್ತೀಯಾ? ಸ್ಟೇಷನ್ನಿನವರೆಗೆ ಬಂದರೆ ಸಾಲದು. ಮಹಡಿ ಹತ್ತಿ, ಕರೆಗಂಟೆ ಒತ್ತಿ, ಅತ್ತೆ ಅವಳನ್ನು ನನ್ನ ಕೈಗೆ ಕೊಡುವವರೆಗೂ ನೀನು ಪಕ್ಕದಲ್ಲೇ ನಿಂತಿರಬೇಕು. ಆಗುತ್ತೆ ಅನ್ನುವುದಾದರೆ ಬಿಬ್, ಮೀಡಿಯಂ. ಆಗಲ್ಲವೆಂದರೆ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕು.